ಮೊದಲ ಸುತ್ತು ಲೆಕ್ಕಕ್ಕಿಲ್ಲ

ಭಾವ ಗಾಜಿನ ಬಾಟಲಿಯನ್ನು ಊಟದ ಮೇಜಿನ ನಟ್ಟನಡುವೆ ಇಟ್ಟ. ಅಲ್ಲಿ ನೀರಿನ ಜಗ್ಗು ಇತ್ತು. ಅಕ್ಕ ಅದನ್ನೆತ್ತಿ ನೆಲದ ಮೇಲಿಟ್ಟಳು. ಬೆರಳುದ್ದದ ಬಾಟಲಿ, ಒಳಗೆ ಕಾಡಿಗೆಯಂಥ ಕಪ್ಪು ಪುಡಿ, ಗಾಜಿಗೆಲ್ಲ ಮೆತ್ತಿಕೊಂಡಿತ್ತು.

“ನೋಡ್ಕೊಂಡುಬಿಡಿ,” ಅಂದ. “ಮುಂದೊಂದು ದಿನ ಜನ ಕೇಳ್ತಾರೆ, ಈ ಪುಡಿ ಮೊದಲು ಯಾರ ಮನೆ ಮೇಜಿನ ಮೇಲಿತ್ತು ಅಂತ.”

“ಉಪ್ಪಿನ ಡಬ್ಬಿ ಪಕ್ಕದಲ್ಲಿತ್ತು ಅಂತ ಹೇಳೋಣ ಭಾವ,” ಅಂದೆ.

ಅಕ್ಕ ನಗು ಮುಚ್ಚಲು ಬಡಿಸುವ ನೆಪ ಮಾಡಿದಳು. ಭಾವನಿಗೆ ಏನೂ ತಾಕಲಿಲ್ಲ. ಹೊಗಳಿಕೆಯಲ್ಲದ ಮಾತುಗಳು ಅವನ ಕಿವಿಯ ಹೊರಗೇ ಚಪ್ಪಲಿ ಬಿಟ್ಟು ಕಾಯುತ್ತಿರುತ್ತವೆ.

ಒಂದು ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಎದುರಿಗಿದ್ದಾಗ ನಾನು ಭಾವನನ್ನು ಬಹುವಚನದಲ್ಲೇ ಮಾತಾಡಿಸುತ್ತೇನೆ. ಅಕ್ಕನ ಗಂಡ, ವಯಸ್ಸಿನಲ್ಲಿ ದೊಡ್ಡವನು, ಮೇಲಾಗಿ ಪ್ರೊಫೆಸರು. ಎದ್ದು ಹೋದ ಮೇಲೆ ಏಕವಚನ. ಇದನ್ನು ಬರೆಯುತ್ತಿರುವಾಗ ಅವನು ಎದುರಿಗಿಲ್ಲ.

ಅವನು ಪ್ರಸಿದ್ಧನಾದದ್ದು ಒಂದು ಚಿತ್ರದಿಂದ. ಅದರ ಕಥೆ ಹೇಳಬೇಕಾದರೆ ಬ್ಯಾಟರಿಯ ಕಥೆ ಸ್ವಲ್ಪ ಹೇಳಬೇಕು. ಬ್ಯಾಟರಿ ಅಂದರೆ ಎದುರುಬದುರು ಎರಡು ಮನೆ, ನಡುವೆ ಓಡಾಡುವುದು ಲಿಥಿಯಂ. ಚಾರ್ಜ್ ಮಾಡುವಾಗ ಅದು ಆನೋಡ್ ಎಂಬ ಮನೆಗೆ ಹೋಗಿ ಕೂರುತ್ತದೆ. ನಾವು ಫೋನು ಬಳಸುವಾಗ ಎದುರುಮನೆಗೆ ಮರಳುತ್ತದೆ. ಈಗಿನ ಆನೋಡುಗಳು ಬಹುಪಾಲು ಗ್ರಾಫೈಟಿನವು, ಪೆನ್ಸಿಲಿನೊಳಗೆ ಇರುತ್ತದಲ್ಲ, ಅದೇ. ಸಾಧು ವಸ್ತು. ಹಿಡಿಸುವುದು ಕಡಿಮೆ, ಹಿಡಿದದ್ದನ್ನು ಮಾತ್ರ ಮರ್ಯಾದೆಯಾಗಿ ವಾಪಸ್ಸು ಕೊಡುತ್ತದೆ. ಸಿಲಿಕಾನ್ ಅದರ ಹತ್ತರಷ್ಟು ನುಂಗಬಲ್ಲದು. ಆದರೆ ನುಂಗಿದಾಗ ಮೂರು ಪಟ್ಟಿಗೂ ಮಿಕ್ಕಿ ಊದುತ್ತದೆ, ಕಕ್ಕಿದಾಗ ಕುಗ್ಗುತ್ತದೆ, ಹೀಗೆ ಊದಿ ಕುಗ್ಗಿ ಕೆಲವೇ ಸಲಕ್ಕೆ ಬಿರಿದು ಹೋಗುತ್ತದೆ. ಹೇಗೂ ಒಡೆಯುವುದಾದರೆ ಮೊದಲೇ ಒಡೆದಿಡೋಣ ಎಂಬುದು ನ್ಯಾನೊ ವಿದ್ಯೆಯ ಉಪಾಯ. ತಲೆಗೂದಲ ದಪ್ಪವನ್ನು ಸಾವಿರ ಪಾಲು ಮಾಡಿ ಒಂದು ಪಾಲಿನಷ್ಟು ಸಣ್ಣಗೆ ಕಣ ಮಾಡಿದರೆ, ಊದಿದರೂ ಅದು ಬಿರಿಯುವುದಿಲ್ಲ.

ಭಾವ ಅಂಥ ಒಂದೊಂದು ಕಣಕ್ಕೂ ಇಂಗಾಲದ ಒಂದೊಂದು ಗೂಡು ಕಟ್ಟಿದ. ಗೂಡಿನೊಳಗೆ ಕಣದ ಸುತ್ತ ಖಾಲಿ ಜಾಗ, ಊದಲಿಕ್ಕೆ ಅಂತ. ಇಂಥ ಸಾವಿರಾರು ಗೂಡುಗಳ ಒಂದು ಉಂಡೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದನ್ನು ಸೀಳಿ ನೋಡಿದರೆ ಥೇಟ್ ಸೀತಾಫಲ: ಬಿಳಿ ತೊಳೆ, ಕಪ್ಪು ಬೀಜ. ಈ ಕ್ಷೇತ್ರದವರಿಗೆ ಹಣ್ಣಿನಂಗಡಿಯ ಹುಚ್ಚು ಮೊದಲಿಂದಲೂ ಇದೆ, ದಾಳಿಂಬೆ ಎಂಬ ಹೆಸರಿನ ಪುಡಿ ಆಗಲೇ ಬಂದಿತ್ತು. ಚಿತ್ರ ಒಂದು ದೊಡ್ಡ ಪತ್ರಿಕೆಯ ಮುಖಪುಟಕ್ಕೆ ಬಂತು. ಆಮೇಲೆ ಭಾವನ ಮನೆಯ ಹಜಾರದ ಗೋಡೆಗೆ ಬಂತು. ಅಲ್ಲಿದ್ದ ಮದುವೆಯ ಫೋಟೊ ಮಲಗುವ ಕೋಣೆಗೆ ಹೋಯಿತು. ಎಲ್ಲರೂ ಅವನನ್ನು ಸೀತಾಫಲ ಎಂದೇ ಕರೆಯಲು ಶುರುಮಾಡಿದರು. ಅದನ್ನು ಅವನು ಬಿರುದು ಎಂದುಕೊಂಡ.

ನಾನು ಬ್ಯಾಟರಿ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿದ್ದೇನೆ. ಪ್ರೊಫೆಸರುಗಳ ಪುಡಿಗಳು ನಮ್ಮಲ್ಲಿಗೆ ಬರುತ್ತವೆ. ಪ್ರತಿಯೊಂದೂ ಜಗತ್ತನ್ನು ಬದಲಿಸುವ ಪುಡಿ. ಬಾಗಿಲ ಪಕ್ಕದ ಕಪಾಟಿನಲ್ಲಿ ಅವು ಸಾಲಾಗಿ ನಿಂತಿವೆ, ಜಗತ್ತು ಇನ್ನೂ ಹಾಗೇ ಇದೆ. ಭಾವ ಈವರೆಗೆ ತನ್ನ ಪುಡಿಯನ್ನು ನಮಗೆ ಕೊಟ್ಟಿರಲಿಲ್ಲ. ನನ್ನ ಕೆಲಸದ ಬಗ್ಗೆ ಅವನಿಗಿದ್ದ ಕಲ್ಪನೆ ಏನೆಂದರೆ, ರೇಷನ್ ಅಂಗಡಿಯಲ್ಲಿ ತಕ್ಕಡಿ ಹಿಡಿಯುವವರಂತೆ ನಾನೂ ಏನೋ ಒಂದು ಹಿಡಿಯುತ್ತೇನೆ.

ಆವತ್ತು ಊಟವಾದ ಮೇಲೆ ಅವನೇ ಬಾಟಲಿ ನನ್ನ ಕಡೆ ತಳ್ಳಿದ.

“ತಗೊಳ್ಳಿ ನಾದಿನಿಯವರೇ. ನಿಮ್ಮ ಅಕ್ಕನಿಗೆ ನಿಮ್ಮ ಸರ್ಟಿಫಿಕೇಟ್ ಬೇಕಂತೆ. ಕಟ್ಟಿಕೊಂಡ ಹೆಂಡತಿಗೆ ಗಂಡನ ಮೇಲೆ ನಂಬಿಕೆ ಇಲ್ಲ, ತಂಗಿ ಮೇಲಿದೆ.”

“ನಂಬಿಕೆ ಇಲ್ಲ ಅಂತ ಯಾರು ಹೇಳಿದ್ರು ರೀ,” ಅಂದಳು ಅಕ್ಕ. “ಒಂದು ಮಾತು ಕೇಳ್ತೀನಿ ಅಂದೆ ಅಷ್ಟೆ.”

ಅವನು ನಿದ್ದೆಗೆ ಹೋದ ಮೇಲೆ ಅಕ್ಕ ನನ್ನನ್ನು ಕೆಳಗೆ ಕರೆದುಕೊಂಡು ಹೋದಳು.

ಕೆಳಗಿನ ಮಹಡಿ ಅಕ್ಕನದು. ಅವಳು ಫಿಸಿಯೋಥೆರಪಿಸ್ಟ್. ಒಂದೇ ದೊಡ್ಡ ಕೋಣೆ: ರೆಕ್ಸಿನ್ ಹೊದಿಸಿದ ಮೂರು ಮಂಚ, ಗೋಡೆಗೆ ಏಣಿಯಂಥ ಮರದ ಪಟ್ಟಿಗಳು, ಮೂಲೆಯಲ್ಲಿ ಹಗ್ಗದ ರಾಟೆ, ನಡುವೆ ಎರಡು ಉದ್ದನೆಯ ಸಮಾನಾಂತರ ಕಂಬಿಗಳು. ಬಿದ್ದವರು, ಮುರಿದುಕೊಂಡವರು, ಒಂದು ಪಕ್ಕ ಸೋತವರು ಆ ಕಂಬಿ ಹಿಡಿದು ನಡೆಯಲು ಕಲಿಯುತ್ತಾರೆ. ಕಂಬಿಯ ಬಣ್ಣ ಅಂಗೈಗಳಿಂದಲೇ ಸವೆದು ಉಕ್ಕು ಕನ್ನಡಿಯಾಗಿದೆ. ರಸ್ತೆಯಿಂದ ಬಾಗಿಲಿಗೆ ಮೆಟ್ಟಿಲಿಲ್ಲ, ಇಳಿಜಾರು. ಮೇಸ್ತ್ರಿಯ ಹತ್ತಿರ ಜಗಳವಾಡಿ ಅದನ್ನು ಎರಡು ಸಲ ಒಡೆಸಿ ಕಟ್ಟಿಸಿದಳು.

“ಇದನ್ನ ಕೇಳ್ತಿದ್ದಾರೆ,” ಅಂದಳು.

“ಯಾವುದನ್ನ?”

“ಕೋಣೇನ. ಕಂಪನಿ ಮಾಡ್ತಾರಂತೆ. ಮಂಚ ಎಲ್ಲ ತೆಗೆದು ಇಲ್ಲಿ ಪುಡಿ ಮಾಡೋ ಒಲೆ, ಅಲ್ಲಿ ಅದನ್ನ ಹಾಳೆಗೆ ಹಚ್ಚೋ ಯಂತ್ರ. ಹಣ ಹಾಕೋರು ಜಾಗ ನೋಡೋಕೆ ಬರ್ತಾರಂತೆ.”

“ನಿನ್ನ ಪೇಷಂಟ್‌ಗಳು?”

“ಅವರವರ ಮನೇಗೇ ಹೋಗಿ ಮಾಡು ಅಂತಾರೆ. ಈ ಕಂಬಿನ ತಲೆ ಮೇಲೆ ಹೊತ್ಕೊಂಡು ಹೋಗ್ಲಾ?”

ನನಗೆ ಮೈ ಉರಿಯಿತು. ಅವನು ಸಂಶೋಧನೆಗೆಂದು ಪರದೇಶಕ್ಕೆ ಹೊರಟಾಗ ಅಕ್ಕ ಆಸ್ಪತ್ರೆಯ ಕೆಲಸ ಬಿಟ್ಟಳು. ವಾಪಸ್ಸು ಬಂದ ಮೇಲೆ ಅದೇ ಆಸ್ಪತ್ರೆಯಲ್ಲಿ ಅವಳ ಕಿರಿಯಳು ಮುಖ್ಯಸ್ಥೆಯಾಗಿದ್ದಳು. ಅವನ ಹಳೆಯ ಕುಲುಮೆಯೊಂದು ಇವಳ ರೋಗಿಗಳು ಕೂರುವ ಬೆಂಚಿನ ಜಾಗದಲ್ಲಿ ಇವತ್ತಿಗೂ ಕೂತಿದೆ. ಅಕ್ಕನಿಗೆ ಇದ್ದದ್ದರಲ್ಲಿ ಉಳಿದದ್ದು ಈ ಕೋಣೆ ಒಂದೇ.

“ಕೊಡಲ್ಲ ಅಂತ ಹೇಳು.”

“ಯಾಕೆ ಹೇಳ್ಲಿ? ಅದು ನಿಜವಾಗ್ಲೂ ದೊಡ್ಡ ಕೆಲಸ ಆಗಿದ್ರೆ? ನಾಲ್ಕು ಜನರ ಕಾಲಿಗೋಸ್ಕರ ಅದನ್ನ ತಡೆದೆ ಅಂತ ಆಗ್ಬಾರ್ದು.” ಅವಳು ಕಂಬಿಯನ್ನು ಸೆರಗಿನಿಂದ ಒರೆಸಿದಳು. “ನನಗೆ ಆ ವಿದ್ಯೆ ಅರ್ಥ ಆಗಲ್ಲ ಪುಟ್ಟಿ. ನಿನಗೆ ಆಗುತ್ತೆ. ಅದು ಬ್ಯಾಟರೀಲಿ ನಡೆಯುತ್ತೆ ಅಂತ ನೀನು ಹೇಳಿದ್ರೆ ಕೊಟ್ಟುಬಿಡ್ತೀನಿ, ಕಣ್ಣೀರು ಹಾಕಲ್ಲ. ನಡೆಯಲ್ಲ ಅಂದ್ರೆ ಕೊಡಲ್ಲ. ಹೌದು, ಇಲ್ಲ. ಒಂದು ಮಾತು ಸಾಕು.”

ಚಿಕ್ಕವರಿದ್ದಾಗ ಬೀದಿಯಲ್ಲಿ ಮುಟ್ಟಾಟ ಆಡುವಾಗ ದೊಡ್ಡ ಹುಡುಗಿಯರು ನನ್ನನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅಕ್ಕ ಜಗಳವಾಡಿ ಸೇರಿಸುತ್ತಿದ್ದಳು, ಒಂದು ಷರತ್ತಿನ ಮೇಲೆ: ಪುಟ್ಟಿ ಆಟಕ್ಕುಂಟು, ಲೆಕ್ಕಕ್ಕಿಲ್ಲ. ನನ್ನನ್ನು ಯಾರು ಮುಟ್ಟಿದರೂ ನಾನು ಔಟಲ್ಲ, ನಾನು ಯಾರನ್ನು ಮುಟ್ಟಿದರೂ ಅವರೂ ಔಟಲ್ಲ. ಅಂಥವಳ ಒಂದು ಮಾತಿನ ಮೇಲೆ ಅಕ್ಕ ಈಗ ಕೋಣೆಯನ್ನೇ ಪಣಕ್ಕಿಟ್ಟಿದ್ದಳು. ಬಾಟಲಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದೆ.

ಪ್ರಯೋಗಾಲಯದಲ್ಲಿ ನನ್ನ ಪಕ್ಕದ ಮೇಜಿನವನನ್ನು ಎಲ್ಲರೂ ಶವಾಗಾರ ಎನ್ನುತ್ತಾರೆ. ಸತ್ತ ಬ್ಯಾಟರಿಗಳನ್ನು ಕೊಯ್ದು ಸಾವಿನ ಕಾರಣ ಹೇಳುವುದು ಅವನ ಕೆಲಸ. ಅವನೂ ಡಾಕ್ಟರೇಟ್ ಮಾಡಿದವನೇ, ಅವನ ಪ್ರೊಫೆಸರರ ಪುಡಿಯೂ ನಮ್ಮ ಕಪಾಟಿನಲ್ಲಿದೆ.

“ಸೀತಾಫಲ ಬಂತಾ!” ಎಂದು ಬಾಟಲಿಯನ್ನು ಬೆಳಕಿಗೆ ಹಿಡಿದ. “ತುಂಬಾ ಕೇಳಿದ್ದೆ. ಬೀಜ ಜಾಸ್ತಿ, ತಿರುಳು ಕಮ್ಮಿ ಅಂತ. ಹೆಣ ಯಾವಾಗ ಕಳಿಸ್ತೀರಿ?”

“ಮೊದಲು ಬದುಕೋಕೆ ಬಿಡು ಮಾರಾಯ.”

ಮೊದಲು ಭಾವ ಮಾಡುವ ಹಾಗೆಯೇ ಮಾಡಿದೆ. ಒಬ್ಬನನ್ನು ತಪ್ಪು ಎನ್ನಬೇಕಾದರೆ ಮೊದಲು ಅವನ ಹೆಜ್ಜೆಯಲ್ಲೇ ಹೆಜ್ಜೆ ಇಡಬೇಕು. ಪುಡಿಗೆ ಅಂಟು ಬೆರೆಸಿ, ಕಲಸಿ, ತಾಮ್ರದ ಹಾಳೆಗೆ ಮುಖಕ್ಕೆ ಪೌಡರ್ ಹಚ್ಚಿದಷ್ಟು ತೆಳ್ಳಗೆ ಸವರಿದೆ. ಒಣಗಿಸಿ ಬಿಲ್ಲೆ ಕತ್ತರಿಸಿದೆ. ಗ್ಲೋವ್ ಬಾಕ್ಸ್ ಅಂದರೆ ಗಾಳಿ ತೇವ ಇಲ್ಲದ ಗಾಜಿನ ಪೆಟ್ಟಿಗೆ. ಅದರ ಗೋಡೆಗೇ ಜೋಡಿಸಿದ ರಬ್ಬರು ಗವುಸಿನೊಳಗೆ ಕೈ ತೂರಿಸಿ ಬಿಲ್ಲೆಯನ್ನು ಗುಂಡಿಯಂಥ ಸೆಲ್ಲಿನಲ್ಲಿ ಕೂರಿಸಿದೆ. ಎದುರಿಗೆ ಶುದ್ಧ ಲಿಥಿಯಂ ಹಾಳೆ. ಇದಕ್ಕೆ ಅರ್ಧ ಸೆಲ್ ಎನ್ನುತ್ತಾರೆ. ನಾಣ್ಯದಷ್ಟಿರುವ ಈ ಸೆಲ್ಲಿನಲ್ಲೇ ಭಾವನ ಇಡೀ ಕೀರ್ತಿ ಅಡಗಿದೆ.

ಚಾರ್ಜ್, ಡಿಸ್ಚಾರ್ಜ್, ಒಂದು ಸಲ ಹೋಗಿ ಬಂದರೆ ಒಂದು ಸುತ್ತು. ಸುತ್ತುಗಳು ನಡೆದವು. ಭಾವ ಹೇಳಿದ್ದೇ ಬಂತು. ಗ್ರಾಫೈಟಿನ ಎಂಟು ಪಟ್ಟು, ಸುತ್ತಿನಿಂದ ಸುತ್ತಿಗೆ ಇಳಿಕೆಯಿಲ್ಲ, ಗ್ರಾಫಿನ ಗೆರೆ ಕೆರೆಯ ನೀರಿನ ಹಾಗೆ ಮಟ್ಟಸ.

ನನಗೆ ನಿರಾಸೆಯಾಯಿತು. ಅವನು ಸುಳ್ಳುಗಾರನಾಗಿದ್ದರೆ ನಾನು ಅವನನ್ನು ಸ್ವಲ್ಪವಾದರೂ ಗೌರವಿಸಬಹುದಿತ್ತು. ಸುಳ್ಳು ಹೇಳುವವನಿಗೆ ನಿಜ ಎಲ್ಲಿದೆ ಎಂದು ಗೊತ್ತಿರುತ್ತದೆ, ಇಲ್ಲದಿದ್ದರೆ ಅದನ್ನು ತಪ್ಪಿಸಿಕೊಂಡು ಓಡಾಡುವುದು ಹೇಗೆ? ಭಾವ ಪ್ರಾಮಾಣಿಕ. ಆದರೆ ಅವನ ಲೇಖನಗಳಲ್ಲಿ ಗೆರೆ ಶುರುವಾಗುವುದೇ ಎರಡನೇ ಸುತ್ತಿನಿಂದ. ಮೊದಲನೆಯದನ್ನು ಬಿಡುವುದು ಅವರ ಪ್ರಯೋಗಾಲಯದ ವಾಡಿಕೆ. “ಮೊದಲ ಸುತ್ತು ಲೆಕ್ಕಕ್ಕಿಲ್ಲ” ಎಂದು ಹೊಸ ವಿದ್ಯಾರ್ಥಿಗಳಿಗೆ ಅಕ್ಷರಾಭ್ಯಾಸದ ಹಾಗೆ ಹೇಳಿಕೊಡುತ್ತಾರೆ.

ಮೊದಲ ಸುತ್ತಿನಲ್ಲಿ ಆಗುವುದೇನು? ಆನೋಡಿಗೆ ಹೋದ ಲಿಥಿಯಂನಲ್ಲಿ ಒಂದು ಪಾಲು ಕಣಗಳ ಮೈಮೇಲೆ ತೊಗಲಿನಂತೆ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡದ್ದು ಮತ್ತೆ ಬರುವುದಿಲ್ಲ. ಗ್ರಾಫೈಟಿನಲ್ಲೂ ಇದು ಆಗುತ್ತದೆ, ಸ್ವಲ್ಪ. ಆದರೆ ಒಂದು ಕಲ್ಲನ್ನು ಕುಟ್ಟಿ ಪುಡಿ ಮಾಡಿದರೆ ಹೊರಮೈ ಎಷ್ಟೋ ಪಟ್ಟು ಹೆಚ್ಚುತ್ತದೆ. ನ್ಯಾನೊ ಕಣಗಳಿಗೆ ಇರುವುದೇ ಮೈ. ಒಡೆಯದಿರಲು ಸಣ್ಣಗಾದವು, ಸಣ್ಣಗಾದದ್ದರಿಂದ ನುಂಗುಬಾಕಗಳಾದವು. ಅರ್ಧ ಸೆಲ್ಲಿನಲ್ಲಿ ಇದು ಯಾರಿಗೂ ತಾಕುವುದಿಲ್ಲ. ಎದುರಿಗೆ ಲಿಥಿಯಂ ಹಾಳೆ ಇದೆ, ಬೇಕಾದ್ದಕ್ಕಿಂತ ಹತ್ತಾರು ಪಟ್ಟು. ಎಷ್ಟು ಕಳೆದರೂ ಅದು ತುಂಬಿಕೊಡುತ್ತದೆ, ಕೇಳುವುದಿಲ್ಲ. ನಿಜವಾದ ಬ್ಯಾಟರಿಯಲ್ಲಿ ಆ ಹಾಳೆ ಇರುವುದಿಲ್ಲ. ಇರುವ ಲಿಥಿಯಂ ಎಲ್ಲ ಎದುರುಮನೆ ಕಟ್ಟುವಾಗಲೇ ಅಳೆದು ಹಾಕಿದ್ದು.

ಶವಾಗಾರ ನನ್ನ ಅರ್ಧ ಸೆಲ್ಲೊಂದನ್ನು ಕೊಯ್ದ. ಒಂದು ಕಡೆ ಭಾವನ ಬಿಲ್ಲೆ, ಚೊಕ್ಕಟ, ಇನ್ನೂ ನೂರು ಸುತ್ತು ನಡೆಯುವ ಹಾಗಿತ್ತು. ಇನ್ನೊಂದು ಕಡೆ ಲಿಥಿಯಂ ಹಾಳೆ. ಹಾಕುವಾಗ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದದ್ದು ಈಗ ಕಪ್ಪಾಗಿ, ಪಾಚಿ ಕಟ್ಟಿ, ಒಂದೆರಡು ಕಡೆ ತೂತಾಗಿತ್ತು.

“ಇಲ್ಲಿ ಸಾಯ್ತಾ ಇರೋದು ಇವಳು,” ಎಂದು ಚಿಮಟದಿಂದ ಅದನ್ನು ಎತ್ತಿ ತೋರಿಸಿದ. “ಇವಳ ಹೆಸರು ಯಾವ ಪೇಪರಲ್ಲೂ ಬರಲ್ಲ.”

“ಮುಚ್ಚು ಅದನ್ನ,” ಅಂದೆ. ಅವನು ತಮಾಷೆಗೆ ಹೇಳಿದ್ದು. ಆದರೆ ಅಕ್ಕ ನೆಲದ ಮೇಲಿಟ್ಟ ನೀರಿನ ಜಗ್ಗು ನನ್ನ ಕಣ್ಣ ಮುಂದೆ ಬಂತು.

ಆಮೇಲೆ ಪೂರ್ತಿ ಸೆಲ್ ಮಾಡಿದೆ. ತೆಳ್ಳಗೆ ಸವರಿದರೆ ಬ್ಯಾಟರಿಯಾಗುವುದಿಲ್ಲ, ದಪ್ಪಗೆ ಹಚ್ಚಬೇಕು. ಭಾವನ ಪುಡಿ ಅಂಟನ್ನೆಲ್ಲ ಹೀರಿ ಒಣ ಹಿಟ್ಟಿನಂತೆ ನಿಂತಿತು. ಇನ್ನಷ್ಟು ಅಂಟು ಹಾಕಿದೆ. ಒಣಗಿದ ಮೇಲೆ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದು ಹಾಳೆಯಿಂದ ಎದ್ದುಬಂತು. ಕಲಸುವ ಕ್ರಮ ಬದಲಿಸಿ, ನೀರಿನ ಅಳತೆ ಬದಲಿಸಿ, ಅಂತೂ ಕೆಲವು ಬಿಲ್ಲೆ ನಿಂತವು. ಎದುರಿಗೆ ನಮ್ಮ ಕಾರ್ಖಾನೆಯ ಮಾಮೂಲು ಕ್ಯಾಥೋಡ್, ಅಂದರೆ ಆ ಎದುರುಮನೆ, ಇಟ್ಟೆ. ಮೊದಲ ಸಲ ಚಾರ್ಜ್ ಮಾಡಿದಾಗ ಸೀತಾಫಲ ಎಲ್ಲವನ್ನೂ ಒಳಗೆಳೆದುಕೊಂಡಿತು. ವಾಪಸ್ಸು ಕೊಟ್ಟದ್ದು ಅರ್ಧಕ್ಕೆ ಸ್ವಲ್ಪ ಮೇಲೆ. ಮುಂದಿನ ಸುತ್ತಿನಲ್ಲಿ ಇನ್ನಷ್ಟು ಕಡಿಮೆ, ಅದರ ಮುಂದೆ ಇನ್ನೂ ಕಡಿಮೆ. ಆ ವಾರ ಮುಗಿಯುವ ಮೊದಲೇ ಸೆಲ್ಲುಗಳು ಹೊಟ್ಟೆ ಉಬ್ಬಿಸಿಕೊಂಡು ಮಲಗಿದವು. ಮತ್ತೆ ಮಾಡಿದೆ. ಮತ್ತೆ ಮಲಗಿದವು.

“ಅಜೀರ್ಣ,” ಎಂದು ಶವಾಗಾರ ಕಾರಣ ಹೇಳಿದ.

ಅಲ್ಲಿಗೆ ನನ್ನ ಉತ್ತರ ಸಿಕ್ಕಿತ್ತು. ಇಲ್ಲ. ಎಷ್ಟು ರುಚಿಯಾದ ಪದ! ದಾರಿಯುದ್ದಕ್ಕೂ ಬಾಯಲ್ಲಿಟ್ಟುಕೊಂಡು ಚಪ್ಪರಿಸಬಹುದಾದಂಥದು. ಆದರೆ ಬಾಟಲಿಯ ತಳದಲ್ಲಿ ಸ್ವಲ್ಪ ಪುಡಿ ಉಳಿದಿತ್ತು, ಉಳಿದದ್ದನ್ನು ಬಿಸಾಡುವ ಅಭ್ಯಾಸ ನನಗಿಲ್ಲ. ಅದನ್ನು ಗ್ರಾಫೈಟಿನಲ್ಲಿ ಬೆರೆಸಿ ಇನ್ನೊಂದು ಕಂತು ಪೂರ್ತಿ ಸೆಲ್ ಮಾಡಿದೆ. ಬೆರೆಸಿದ್ದು ಚಿಟಿಕೆಯಷ್ಟೇ. ನೂರು ಭಾಗಕ್ಕೆ ಐದು.

ಅವು ನಡೆದವು. ಬರೀ ಗ್ರಾಫೈಟಿಗಿಂತ ಒಂದಿಷ್ಟು ಹೆಚ್ಚೇ ಹಿಡಿದವು, ಸುತ್ತಿನ ಮೇಲೆ ಸುತ್ತು ನಡೆಯುತ್ತಲೇ ಹೋದವು. ಜಗತ್ತು ಬದಲಾಗುವಷ್ಟಲ್ಲ, ಒಂದು ಫೋನು ಸಂಜೆಯವರೆಗೆ ಬರುವ ಬದಲು ರಾತ್ರಿ ಊಟದವರೆಗೆ ಬರುವಷ್ಟು. ಕಪಾಟಿನಲ್ಲಿರುವ ಬೇರೆ ಪುಡಿಗಳನ್ನು ಹೀಗೆ ಬೆರೆಸಿದಾಗ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಭಾವನ ಆ ಗೂಡುಗಳು ನಿಜವಾಗಿಯೂ ಗಟ್ಟಿಯಾಗಿದ್ದವು. ನನಗೆ ಇದು ಸ್ವಲ್ಪವೂ ಹಿಡಿಸಲಿಲ್ಲ.

ಅಕ್ಕನ ಕೋಣೆಗೆ ಹೋದಾಗ ಭಾವ ಆಗಲೇ ಅಳತೆಗೆ ನಿಂತಿದ್ದ. ಕೈಯಲ್ಲಿ ಉಕ್ಕಿನ ಅಳತೆ ಟೇಪು. ಅದರ ತುದಿಯನ್ನು ಅಕ್ಕ ಆ ಕಡೆಯ ಗೋಡೆಗೆ ಒತ್ತಿ ಹಿಡಿದಿದ್ದಳು. ಅವನು ಎಲ್ಲಿ ಏನು ಅಳೆದರೂ ತುದಿ ಹಿಡಿಯುವುದು ಅವಳೇ. ನಡುವೆ ಕಂಬಿಗಳಲ್ಲಿ ರಿಟೈರಾದ ಬಸ್ ಡ್ರೈವರ್ ಒಬ್ಬರು ನಿಂತಿದ್ದರು. ಅವರ ಎಡಪಕ್ಕ ಸೋತು ಕೆಲವು ತಿಂಗಳಾಗಿತ್ತು. ಕಂಬಿಯ ಈ ತುದಿಯಿಂದ ಆ ತುದಿಗೆ ಹೋಗಿ ಬಂದರೆ ಅವರಿಗೆ ಒಂದು ಸುತ್ತು. ಟೇಪು ಅವರ ಎದೆಯ ಮುಂದೆ ಟೋಲ್ ಗೇಟಿನ ಹಾಗೆ ಅಡ್ಡ ನಿಂತಿದ್ದರಿಂದ ಅವರು ಕಾಯುತ್ತಿದ್ದರು.

“ಏನು ನಾದಿನಿಯವರೇ, ಸೀತಾಫಲ ಹಣ್ಣಾಯ್ತಾ?”

“ನೀವು ಮಾಡೋ ಹಾಗೇ ಮಾಡಿದೆ ಭಾವ. ನೀವು ಹೇಳಿದ್ದೇ ಬಂತು.”

“ಕೇಳಿಸ್ಕೊಂಡ್ಯೇನೇ?” ಎಂದ, ಟೇಪಿನ ಆ ತುದಿಗೆ.

“ಆಮೇಲೆ ಪೂರ್ತಿ ಸೆಲ್ ಮಾಡಿದೆ.”

“ಪೂರ್ತಿ ಅಂದ್ರೆ?”

ಈ ಪ್ರಶ್ನೆಯನ್ನು ಅವನು ನಿಜವಾಗಿ ಕೇಳಿದ. ಇಷ್ಟು ವರ್ಷ ಬ್ಯಾಟರಿಯ ಹೆಸರಲ್ಲಿ ಉಂಡ ಮನುಷ್ಯ.

“ಎದುರಿಗೆ ಲಿಥಿಯಂ ಹಾಳೆ ಇಲ್ದೆ. ನಿಜವಾದ ಬ್ಯಾಟರೀಲಿ ಇರೋ ಹಾಗೆ.”

“ಓ, ಅದು ಇಂಜಿನಿಯರಿಂಗು,” ಅಂದ. ಆ ಪದವನ್ನು ಬೇರೆಯವರು ಚರಂಡಿ ಎನ್ನುವ ಹಾಗೆ ಹೇಳಿದ.

“ಮೊದಲ ಸುತ್ತಲ್ಲೇ ಅರ್ಧದಷ್ಟು ಹೋಯ್ತು.”

“ಮೊದಲ ಸುತ್ತು ಲೆಕ್ಕಕ್ಕಿಲ್ಲ ಕಣಮ್ಮಾ! ಅದು ಎಲ್ಲರಿಗೂ ಗೊತ್ತಿರೋದೇ. ಎರಡನೇದರಿಂದ ನೋಡು.”

“ಎರಡನೇದರಿಂದ ನೋಡೋಕೆ ಅದು ಉಳೀಬೇಕಲ್ಲ ಭಾವ.”

ಡ್ರೈವರ್ ಕಂಬಿಯ ಮೇಲೆ ವಾಲಿಕೊಂಡು ನಕ್ಕರು. “ನಮ್ಮ ಹಳೇ ಬಸ್ಸೂ ಹಂಗೇ ಸಾರ್. ಡಿಪೋ ಗೇಟಲ್ಲೇ ಅರ್ಧ ಡೀಸೆಲ್ ಸೋರ್ಕೊಂಡುಬಿಡ್ತಿತ್ತು. ಆಮೇಲೆ ಒಂದು ಹನಿ ಸೋರ್ತಿರಲಿಲ್ಲ. ಬಂಗಾರ!”

“ನೀವು ಮಾತು ಕಮ್ಮಿ ಮಾಡಿ, ಮಂಡಿ ನೇರ ಇಡಿ,” ಅಂದಳು ಅಕ್ಕ. ತುಟಿಯ ಮೂಲೆ ಮಾತ್ರ ಅಲುಗಿತು.

ಭಾವ ನನ್ನ ಕಡೆ, ದಡ್ಡ ವಿದ್ಯಾರ್ಥಿಯನ್ನು ನೋಡುವ ದೊಡ್ಡ ತಾಳ್ಮೆಯಿಂದ ನೋಡಿದ. “ನೋಡಮ್ಮಾ, ಮೊದಲ ಸುತ್ತಲ್ಲಿ ಎಷ್ಟು ಕಮ್ಮಿ ಬೀಳುತ್ತೋ ಅಷ್ಟು ಲಿಥಿಯಂನ ಮೊದಲೇ ಹೊರಗಿಂದ ತುಂಬಿಸಿಬಿಟ್ರೆ ಆಯ್ತು.”

“ಹೊರಗಿಂದ ಅಂದ್ರೆ? ಯಾರು ತುಂಬಿಸ್ತಾರೆ?”

“ಅದಕ್ಕೊಂದು ಪದ್ಧತಿ ಇದೆ. ಅದಕ್ಕೇ ಅಲ್ವಾ ಇಷ್ಟು ಜಾಗ ಬೇಕಾಗಿರೋದು? ಈ ಕಂಬಿ ಕಿತ್ತು ಇಲ್ಲಿ ಒಲೆ, ಆ ಏಣಿ ಗೋಡೆ ಒಡೆದರೆ ಅಲ್ಲಿ ಒಣ ಕೋಣೆ…” ಹೇಳುತ್ತಾ ಹೋದಂತೆ ಅವನ ಎದೆ ಉಬ್ಬಿತು. ಸಿಲಿಕಾನಿಗಾದರೂ ಊದಲು ಲಿಥಿಯಂ ಬೇಕು, ಇವನಿಗೆ ತನ್ನ ದನಿಯೇ ಸಾಕು. “ಮೊದಲು ಜಾಗ ಸಿಗಲಿ, ಉಳಿದದ್ದು ತಾನಾಗೇ ಆಗುತ್ತೆ.”

“ಪುಟ್ಟಿ,” ಅಂದಳು ಅಕ್ಕ. ಗೋಡೆಯ ಹತ್ತಿರದಿಂದ ತಲೆ ಮಾತ್ರ ತಿರುಗಿಸಿದ್ದಳು. “ನಾನು ಕೇಳಿದ್ದು ಒಂದು ಮಾತು. ನೀನು ಪಾಠ ಮಾಡ್ತಿದ್ದೀಯ, ಅವರೂ ಪಾಠ ಮಾಡ್ತಿದ್ದಾರೆ. ಹೌದಾ? ಇಲ್ವಾ?”

ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟು ಹೇಳಿ ನಿಲ್ಲಿಸಿದ್ದರೆ ಸಾಕಿತ್ತು. ಕೋಣೆ ಉಳಿಯುತ್ತಿತ್ತು, ಭಾವ ಇಳಿಯುತ್ತಿದ್ದ. ಚಿಟಿಕೆಯ ಸುದ್ದಿ ಎತ್ತಿದರೆ ಅವನು ಅದನ್ನೇ ಹಿಡಿದು ನೇತಾಡಿ, ನೋಡು ನಡೆಯಿತಲ್ಲ ಎಂದು ಅಕ್ಕನ ಕೈಯಿಂದ ಕೋಣೆಯ ಕೀಲಿ ಕಿತ್ತುಕೊಳ್ಳಬಹುದಿತ್ತು. ಬಿಟ್ಟುಬಿಡು, ಕೊನೆಯ ಕಂತು ಲೆಕ್ಕಕ್ಕಿಲ್ಲ ಎಂದು ಮನಸ್ಸು ಹೇಳಿತು. ಹೇಳಿದ ದನಿ ಭಾವನದರ ಹಾಗೇ ಇತ್ತು. ಆ ಹೋಲಿಕೆಯನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

“ಇಲ್ಲ ಅಕ್ಕ,” ಅಂದೆ. “ಅವರು ಹೇಳೋ ಹಾಗೆ ನಡೆಯಲ್ಲ. ಆದರೆ…”

“ಆದರೆ?” ಇಬ್ಬರೂ ಒಟ್ಟಿಗೆ ಕೇಳಿದರು.

“ಗ್ರಾಫೈಟ್ ಜೊತೆ ಒಂದು ಚಿಟಿಕೆ ಬೆರೆಸಿದ್ರೆ ನಡೆಯುತ್ತೆ. ಚೆನ್ನಾಗೇ ನಡೆಯುತ್ತೆ. ಭಾವ, ನಾನು ಇದುವರೆಗೆ ಬೆರೆಸಿ ನೋಡಿದ್ದರಲ್ಲೆಲ್ಲ ನಿಮ್ಮದೇ ಮೇಲು. ನಮ್ಮವರಿಗೆ ಹೇಳಿದ್ರೆ ಇನ್ನೂ ಪುಡಿ ಕೇಳ್ತಾರೆ. ನಮಗೆ ಬೇಕಾ‌ಗೋ ಅಷ್ಟನ್ನ ನಿಮ್ಮ ಯೂನಿವರ್ಸಿಟಿ ಒಲೇಲೇ ಮಾಡ್ಬಹುದು.”

ಇಷ್ಟು ವರ್ಷದಲ್ಲಿ ನಾನು ಅವನಿಗೆ ಹೇಳಿದ ಒಂದೇ ಒಳ್ಳೆಯ ಮಾತು ಅದು, ಹೇಳುವಾಗ ಹಲ್ಲು ನೋಯುತ್ತಿತ್ತು. ಅವನ ಮುಖ ಅರಳುತ್ತದೆ ಎಂದುಕೊಂಡೆ. ಅದು ಕಪ್ಪಿಟ್ಟಿತು.

“ಚಿಟಿಕೆ,” ಅಂದ. “ಉಪ್ಪಿನ ಹಾಗಾ?”

“ಹಾಗೇ ಅಂದ್ಕೊಳ್ಳಿ.”

“ಪೆನ್ಸಿಲ್ ಸೀಸದ ಪುಡಿಗೆ ನನ್ನ ಸೀತಾಫಲ ಬೆರಕೆ ಮಾಲಾ? ಮುಖಪುಟದಲ್ಲಿ ಬಂದಿದೆಯಮ್ಮ ಅದು! ಜಗತ್ತಿನಲ್ಲಿ ಗ್ರಾಫೈಟೇ ಇಲ್ಲದ ಹಾಗೆ ಮಾಡೋಕೆ ಅಂತ ನಾನು ಅದನ್ನ ಮಾಡಿದ್ದು. ನಿಮ್ಮ ಕಾರ್ಖಾನೆ ಒಗ್ಗರಣೆ ಡಬ್ಬಿಗೆ ಹಾಕೋಕಲ್ಲ.”

“ರೀ,” ಅಂದಳು ಅಕ್ಕ. ದನಿಯಲ್ಲಿ ಕುತೂಹಲ ಬಿಟ್ಟರೆ ಬೇರೇನೂ ಇರಲಿಲ್ಲ. ರೋಗಿಯನ್ನು ಎಲ್ಲಿ ನೋವು ಎಂದು ಕೇಳುವಾಗಿನ ದನಿ. “ಚಿಟಿಕೆಗಾದ್ರೆ ಈ ಕೋಣೆ ಬೇಕಾಗಲ್ಲ, ಅಲ್ವಾ?”

“ಚಿಟಿಕೆಗೆ ಯಾರಾದ್ರೂ ಕಂಪನಿ ಮಾಡ್ತಾರೇನೇ?”

“ಅಂದ್ರೆ ನಡೆಯೋದು ನಿಮಗೆ ಬೇಡ. ನಡೆಯದೇ ಇರೋದಕ್ಕೆ ಕೋಣೆ ಬೇಕು.”

“ನಿನಗಿದೆಲ್ಲ ಅರ್ಥ ಆಗಲ್ಲ. ಪೂರ್ತಿ ಆಗ್ಬೇಕು, ಇಲ್ಲಾಂದ್ರೆ ಏನೂ ಬೇಡ. ಹಿಡ್ಕೋ ಸರಿಯಾಗಿ, ಅಳತೆ ತಪ್ಪುತ್ತೆ.”

“ಸರಿ ರೀ,” ಅಂದಳು ಅಕ್ಕ. “ಹಾಗಾದ್ರೆ ಏನೂ ಬೇಡ.”

ಮತ್ತು ಟೇಪಿನ ತುದಿ ಬಿಟ್ಟಳು.

ಉಕ್ಕಿನ ಟೇಪು ಹಾವಿನ ಹಾಗೆ ಸರ್ರನೆ ಕೋಣೆ ದಾಟಿತು. ಡ್ರೈವರ್ ಹಿಂದಕ್ಕೆ ಬಾಗಿ ತಪ್ಪಿಸಿಕೊಂಡರು. ಅಷ್ಟು ಚುರುಕಾಗಿ ಅವರು ಅಲುಗಿದ್ದನ್ನು ನಾನು ಅದೇ ಮೊದಲು ನೋಡಿದ್ದು. ತುದಿಯ ಕೊಕ್ಕೆ ಭಾವನ ಹೆಬ್ಬೆರಳಿಗೆ ಠಪ್ ಎಂದು ಬಡಿಯಿತು.

“ಏಯ್! ಹೇಳಿ ಬಿಡೋಕಾಗಲ್ವಾ?”

“ಹೇಳಿದ್ನಲ್ಲ.”

ಭಾವ ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತ. ನನ್ನನ್ನು ನೋಡಿದ, ಅವಳನ್ನು ನೋಡಿದ. ಹಣ ಹಾಕುವವರು ಬರುತ್ತಾರೆ, ಅವರಿಗೆ ಏನು ಹೇಳಲಿ ಎಂದ. ನೀರು ಕೊಡ್ತೀನಿ, ಕೂತು ಹೋಗ್ಲಿ ಎಂದಳು ಅಕ್ಕ. ಮೇಲೆ ಹೋದ. ಮೆಟ್ಟಿಲ ಮೇಲೆ ಅವನ ಹೆಜ್ಜೆ, ಆಮೇಲೆ ಬಾಗಿಲು, ಆಮೇಲೆ ಕುರ್ಚಿ ಎಳೆದ ಸದ್ದು. ಪುಡಿಯ ಬಗ್ಗೆ ನಾವು ಕಳಿಸಿದ ಕೋರಿಕೆಗೆ ಅವನು ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ. ನನ್ನನ್ನು ಈಗಲೂ ನಾದಿನಿಯವರೇ ಎಂದೇ ಕರೆಯುತ್ತಾನೆ, ತಮಾಷೆ ಮಾತ್ರ ಅದರಿಂದ ಹೋಗಿದೆ.

ನಾನು ಅಕ್ಕನ ಕಡೆ ತಿರುಗಿದೆ. ಮುಖದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ, ಅವಳಿಗೆ ಕಂಡಿತು.

“ಹಲ್ಲು ಕಿರೀಬೇಡ,” ಅಂದಳು. “ನೀನು ಬಂದಿದ್ದು ನನಗೋಸ್ಕರ ಅಲ್ಲ. ಅವರನ್ನ ಕೊಯ್ಯೋಕೆ.”

“ಅಕ್ಕಾ…”

“ಆ ಚಿಟಿಕೆ ಮಾತು ಬಚ್ಚಿಡದೆ ಹೇಳಿದ್ಯಲ್ಲ, ಅದೊಂದು ನನಗೋಸ್ಕರ. ಬಾ, ಸುಮ್ನೆ ನಿಂತ್ಕೋಬೇಡ, ಆ ಕಡೆ ಹಿಡ್ಕೋ.”

ನಾನು ಡ್ರೈವರರ ಎಡಗಡೆ ಹೋಗಿ ತೋಳಿನ ಕೆಳಗೆ ಕೈ ಕೊಟ್ಟೆ. ಅವರು ಸಣ್ಣ ಮನುಷ್ಯ, ಆದರೆ ಸೋತ ಪಕ್ಕ ಒದ್ದೆ ಮೂಟೆಯ ಹಾಗೆ ಭಾರ. ಹೊರಟೆವು. ಬಲಗಾಲು, ಎಡಗಾಲು, ಎಡಗಾಲನ್ನು ಅವರು ಸೊಂಟದಿಂದ ಎಳೆದು ತರಬೇಕು. ಅರ್ಧ ಕಂಬಿ ದಾಟುವಷ್ಟರಲ್ಲಿ ಮಂಡಿ ಕುಸಿಯಿತು. ಅವರು ಕಂಬಿಗೆ ಜೋತುಬಿದ್ದು ಏದುಸಿರು ಬಿಟ್ಟರು. ಆಮೇಲೆ ಕಳ್ಳನ ಹಾಗೆ ಒಂದು ಕಣ್ಣು ಕಿರಿದು ಮಾಡಿ ಅಕ್ಕನನ್ನು ನೋಡಿದರು.

“ಮೇಡಂ, ಮೊದಲ ಸುತ್ತು ಲೆಕ್ಕಕ್ಕಿಲ್ಲ, ಅಲ್ವಾ?”

“ಈ ಕೋಣೇಲಿ ಎಲ್ಲ ಸುತ್ತೂ ಲೆಕ್ಕಕ್ಕಿದೆ,” ಅಂದಳು ಅಕ್ಕ. “ನಡೀರಿ, ಆ ತುದಿಯಿಂದ ಮತ್ತೆ.”

ಡ್ರೈವರ್ ತಮ್ಮ ಎಡಗಾಲನ್ನು ಬಾಯಿಗೆ ಬಂದಂತೆ ಬೈದರು. ನಾನು ಹಿಡಿತ ಬಿಗಿಮಾಡಿದೆ. ತಿರುಗಿ ಹೊರಟೆವು.